ಡಿಎಸ್‌ಎಲ್‌ಆರ್ ಮಾರಿ, ಸಾಲ ಮಾಡಿ ಹೊಸ ಕ್ಯಾಮೆರಾ ತಗೊಳ್ಳಬೇಕಾ?

ಪ್ರಶ್ನೆ: ಸರ್, ನಾನು ಡೊಂಬಿವಿಲಿಯಲ್ಲಿ ಇರುವವನು, ವಯಸ್ಸು 27. ಊರು ಕುಂದಾಪುರದ ಕಡೆ. ಎರಡು ವರ್ಷದ ಹಿಂದೆ ಬ್ಯಾಕ್ ಆಫೀಸ್ ಕೆಲಸ ಬಿಟ್ಟು ಫ್ರೀಲಾನ್ಸ್ ವಿಡಿಯೋ ಶೂಟಿಂಗ್‌ಗೆ ಇಳಿದೆ. ನನ್ನ ಹತ್ತಿರ ಇರುವುದು ಕ್ಯಾನನ್ 80ಡಿ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೇ ಮಾದರಿ), ಅದರ ಜೊತೆ ಬಂದ 18-135 ಲೆನ್ಸು, ಒಂದು 50 ಎಂಎಂ. ಮೊನ್ನೆ ನಮ್ಮ ಸಂಘದ ಯಕ್ಷಗಾನ ರೆಕಾರ್ಡ್ ಮಾಡುವಾಗ ಸರಿಯಾಗಿ ಕರ್ಣನ ಪ್ರವೇಶದ ಹೊತ್ತಿಗೆ ಕ್ಯಾಮೆರಾ ತಾನಾಗಿ ನಿಂತುಹೋಯಿತು. ನನಗೆ ಗೊತ್ತಾಗಿದ್ದು ಏಳು ನಿಮಿಷ ಆದ ಮೇಲೆ. ಉಳಿದ ವಿಡಿಯೋದಲ್ಲಿ ಕಪ್ಪು ಪಟ್ಟೆಗಳು ಓಡುತ್ತವೆ, ಕೆಂಪು ಬಟ್ಟೆಯೆಲ್ಲ ಕಲಸಿದ ಹಾಗೆ ಕಾಣುತ್ತದೆ, ಚೆಂಡೆ ಶಬ್ದ ಒಡೆದಿದೆ. ಅಂಧೇರಿಯ ಒಂದು ಪ್ರೊಡಕ್ಷನ್‌ನವರು ‘ಡಿಎಸ್‌ಎಲ್‌ಆರ್ ನಡೆಯಲ್ಲ’ ಅಂದುಬಿಟ್ಟರು. ಇನ್ನೊಂದು ಕಂಪನಿ 62,000 ರೂಪಾಯಿ ಬಿಲ್ಲನ್ನು ಐದು ತಿಂಗಳಿಂದ ಕೊಟ್ಟಿಲ್ಲ. ಅದರ ಮೇಲೆ ರಾ ಫೂಟೇಜ್ (ಎಡಿಟ್ ಮಾಡದ ಮೂಲ ವಿಡಿಯೋ) ಪೂರ್ತಿ ಕೊಡಿ ಅನ್ನುತ್ತಿದ್ದಾರೆ. ಮೂರೂವರೆ ಲಕ್ಷ ಸಾಲ ತಗೊಂಡು ಮಿರರ್‌ಲೆಸ್ (ಕನ್ನಡಿ ಇಲ್ಲದ ಹೊಸ ಮಾದರಿ) ಕ್ಯಾಮೆರಾ ತಗೋ, ಎರಡು ವರ್ಷದ ಇಎಂಐ 16,800 ಅಷ್ಟೇ ಅಂತ ಗೆಳೆಯ ಹೇಳುತ್ತಾನೆ. ಹಳೇ ಕೆಲಸಕ್ಕೆ ವಾಪಸ್ ಹೋಗು ಅಂತ ಅಮ್ಮ ಹೇಳುತ್ತಾರೆ. ಡಿಎಸ್‌ಎಲ್‌ಆರ್ ಕಾಲ ಮುಗಿಯಿತಾ ಸರ್?

ಉತ್ತರ: ಕರ್ಣನ ಪ್ರವೇಶ ತಪ್ಪಿಹೋದ ಸಾಲು ಓದಿ ನನಗೇ ಹೊಟ್ಟೆ ಕಿವುಚಿದ ಹಾಗಾಯಿತು. ನಾನು 2010ರಲ್ಲಿ ಫೋರ್ಟ್‌ನ ಬೋರಾ ಬಜಾರಿನಲ್ಲಿ ಕ್ಯಾನನ್ 5ಡಿ ಮಾರ್ಕ್ 2 ತಗೊಂಡೆ. ಅದು ಒಂದು ಸಲಕ್ಕೆ ಸುಮಾರು ಹನ್ನೆರಡು ನಿಮಿಷ ಮಾತ್ರ ರೆಕಾರ್ಡ್ ಮಾಡುತ್ತಿತ್ತು. ಮುಲುಂಡಿನ ಒಂದು ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೇ ನಿಂತಿತು. ಹುಡುಗಿಯ ತಂದೆ ಇವತ್ತಿಗೂ ಎದುರು ಸಿಕ್ಕರೆ ಮೊದಲು ಅದನ್ನೇ ತೆಗೆಯುತ್ತಾರೆ.

ನಿಮ್ಮ ಪತ್ರದಲ್ಲಿ ಏಳು ತೊಂದರೆ ಇವೆ. ಏಳಕ್ಕೂ ಒಂದೇ ಮದ್ದು ಹೊಸ ಕ್ಯಾಮೆರಾ ಅಂತ ಯಾರೋ ನಿಮ್ಮ ತಲೆಗೆ ಹಾಕಿದ್ದಾರೆ. ನಾನು ಒಂದೊಂದಾಗಿ ಬಿಡಿಸಿ ನೋಡಿದೆ. ಕ್ಯಾಮೆರಾದ್ದೇ ತಪ್ಪು ಅನ್ನಬಹುದಾದದ್ದು ಒಂದೂವರೆ. ಉಳಿದದ್ದು ಸೆಟ್ಟಿಂಗು, ಸೌಂಡು, ಕಾಗದಪತ್ರ. ಮೂರೂವರೆ ಲಕ್ಷ ಸುರಿದರೂ ಅವು ಹಾಗೇ ಉಳಿಯುತ್ತವೆ.

ಮೊದಲು ಆ ‘ಒಂದು’. ನಿಮ್ಮ 80ಡಿ ಕೆಟ್ಟಿಲ್ಲ, ಬಿಸಿಯೂ ಆಗಿಲ್ಲ. ಅದು 29 ನಿಮಿಷ 59 ಸೆಕೆಂಡಿಗೆ ನಿಲ್ಲುವ ಹಾಗೆಯೇ ಮಾಡಿದ ಕ್ಯಾಮೆರಾ. ಇದಕ್ಕೆ ಕಾರಣ ಯುರೋಪಿನ ಸುಂಕ. ಅರ್ಧ ಗಂಟೆ ದಾಟಿ ರೆಕಾರ್ಡ್ ಮಾಡುವ ಯಂತ್ರವನ್ನು ಅಲ್ಲಿ ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಾಕಿ ಜಾಸ್ತಿ ಸುಂಕ ಹಾಕುತ್ತಿದ್ದರು. ಒಂದು ಸೆಕೆಂಡು ಮೊದಲೇ ನಿಲ್ಲಿಸಿಬಿಟ್ಟರೆ ಅದು ಬರೀ ಫೋಟೋ ಕ್ಯಾಮೆರಾ. ಅಲ್ಲೆಲ್ಲೋ ಸುಂಕ ಉಳಿಸಲು ಹಾಕಿದ ಮಿತಿ ಇಲ್ಲಿ ನಿಮ್ಮ ಕರ್ಣನನ್ನು ನುಂಗಿತು. ನನ್ನ ಹಳೇ 5ಡಿಯ ಕಾರಣ ಬೇರೆ. ಕಾರ್ಡಿನ ಫಾರ್ಮ್ಯಾಟ್ 4 ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಯುತ್ತಿರಲಿಲ್ಲ, ಅದಕ್ಕೇ ಹನ್ನೆರಡು ನಿಮಿಷ.

ಬಿಸಿಯಾಗಿ ನಿಲ್ಲುವುದೂ ಉಂಟು, ಅದು ಬೇರೆ ಕಥೆ. ಫೋಟೋ ತೆಗೆಯುವಾಗ ಸೆನ್ಸರ್ (ಬೆಳಕನ್ನು ಚಿತ್ರ ಮಾಡುವ ಚಿಪ್) ಕ್ಷಣ ಮಾತ್ರ ಕೆಲಸ ಮಾಡುತ್ತದೆ. ವಿಡಿಯೋದಲ್ಲಿ ಸೆನ್ಸರೂ ಸ್ಕ್ರೀನೂ ಪೂರ್ತಿ ಹೊತ್ತು ಉರಿಯುತ್ತಲೇ ಇರುತ್ತವೆ. ಮೇ ತಿಂಗಳಲ್ಲಿ ಎಸಿ ಇಲ್ಲದ ಹಾಲ್‌ನಲ್ಲಿ ಸ್ಕ್ರೀನನ್ನು ಬಾಡಿಯಿಂದ ಹೊರಕ್ಕೆ ತಿರುಗಿಸಿ ಇಡಿ, ಸ್ವಲ್ಪ ಗಾಳಿಯಾಡುತ್ತದೆ.

ಮೂರು ಗಂಟೆಯ ಆಟಕ್ಕೆ ನಾನು ಮಾಡುವುದು ಹೀಗೆ. ಎರಡು ಕ್ಯಾಮೆರಾ ಇಡುತ್ತೇನೆ, ಎರಡನ್ನೂ ಒಟ್ಟಿಗೆ ಶುರು ಮಾಡುವುದಿಲ್ಲ. ಒಂದು ಶುರುವಾಗಿ ಹತ್ತು ನಿಮಿಷದ ಮೇಲೆ ಇನ್ನೊಂದು. ಆಗ ಒಂದು ನಿಂತರೆ ಇನ್ನೊಂದು ಓಡುತ್ತಿರುತ್ತದೆ. ಒಂದೇ ಕ್ಯಾಮೆರಾ ಇದ್ದರೆ ಫೋನಿನಲ್ಲಿ 25 ನಿಮಿಷಕ್ಕೆ ವೈಬ್ರೇಶನ್ ಅಲಾರ್ಮ್ ಇಟ್ಟುಕೊಳ್ಳಿ. ಭಾಗವತರು ಒಂದು ಪದ್ಯ ಮುಗಿಸಿ ಅರ್ಥ ಶುರುವಾಗುವ ಮಧ್ಯೆ ನಿಲ್ಲಿಸಿ ಮತ್ತೆ ಒತ್ತಿ. ಎರಡು ಸೆಕೆಂಡು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಪ್ರಸಂಗ ಗೊತ್ತಿರುವ ಕುಂದಾಪುರದ ಹುಡುಗ ನೀವು, ಯಾವ ಪದ್ಯ ಆದ ಮೇಲೆ ಯಾರು ಬರುತ್ತಾರೆ ಅಂತ ಮೊದಲೇ ಭಾಗವತರ ಹತ್ತಿರ ಕೇಳಿಕೊಳ್ಳಬಹುದಲ್ವಾ? ಹೊರಗಿನ ಕ್ಯಾಮೆರಾಮನ್ ಹತ್ತಿರ ಇಲ್ಲದ ಬಂಡವಾಳ ಅದು.

ಇನ್ನು ಆ ‘ಅರ್ಧ’, ಅಂದರೆ ಕೆಂಪು. ನಿಮ್ಮ ಕ್ಯಾಮೆರಾ 8 ಬಿಟ್‌ನಲ್ಲಿ ಬರೆಯುತ್ತದೆ. ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. ಈಗಿನ ಮಿರರ್‌ಲೆಸ್‌ಗಳಲ್ಲಿ ಸಿಗುವ 10 ಬಿಟ್‌ನಲ್ಲಿ 1,024. ಜೊತೆಗೆ ಜಾಗ ಉಳಿಸಲು ನಿಮ್ಮ ಕ್ಯಾಮೆರಾ ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಮಾತ್ರ ಇಟ್ಟುಕೊಳ್ಳುತ್ತದೆ. ಬೆಳಕು ನೆರಳು ಪೂರ್ತಿ, ಬಣ್ಣ ಕಾಲು ಭಾಗ. ಸಾಮಾನ್ಯ ದೃಶ್ಯದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಗಾಢ ಕೆಂಪು ಬಟ್ಟೆ, ಮೇಲೆ ಚಿನ್ನದ ಬಣ್ಣದ ಕಿರೀಟ ಬಂದಾಗ ಅಂಚೆಲ್ಲ ಕಲಸಿಹೋಗುತ್ತದೆ. ಇದು ಕ್ಯಾಮೆರಾದ ನಿಜವಾದ ಮಿತಿ.

ಆದರೆ ಅರ್ಧ ಅಂದದ್ದು ಯಾಕೆ ಅಂದರೆ, ಉಳಿದರ್ಧ ನೀವು ಮಾಡಿಕೊಂಡದ್ದು. ಬಣ್ಣ ಹೇಗೆ ಬರಬೇಕು ಅಂತ ಆರಿಸುವ ಪಿಕ್ಚರ್ ಸ್ಟೈಲ್ ಸ್ಟ್ಯಾಂಡರ್ಡ್‌ನಲ್ಲೋ ಆಟೋದಲ್ಲೋ ಇತ್ತು ಅಂತ ನನ್ನ ಊಹೆ. ನ್ಯೂಟ್ರಲ್ ಮಾಡಿ, ಸ್ಯಾಚುರೇಶನ್ (ಬಣ್ಣದ ಗಾಢತೆ) ಎರಡು ಹೆಜ್ಜೆ ಇಳಿಸಿ. ಶುರುವಿನಲ್ಲಿ ಒಂದು ಫೋಟೋ ತೆಗೆದು ಅದರ ಹಿಸ್ಟೋಗ್ರಾಮಿನಲ್ಲಿ (ಬೆಳಕು ಎಷ್ಟಿದೆ ಅಂತ ತೋರಿಸುವ ಗ್ರಾಫ್) ಮೂರೂ ಬಣ್ಣ ಬೇರೆ ಬೇರೆ ನೋಡಿ. ಒಟ್ಟು ಬೆಳಕು ಸರಿ ಇದ್ದರೂ ಕೆಂಪೊಂದೇ ಬಲಗಡೆ ಗೋಡೆಗೆ ಬಡಿದಿರುತ್ತದೆ. ಹಾಗಿದ್ದರೆ ಅರ್ಧ ಸ್ಟಾಪ್ (ಬೆಳಕಿನ ಅಳತೆ) ಕತ್ತಲು ಮಾಡಿ. ಸತ್ತ ಕೆಂಪನ್ನು ಎಡಿಟಿಂಗ್‌ನಲ್ಲಿ ಎಬ್ಬಿಸಲು ಆಗುವುದಿಲ್ಲ.

ಕಪ್ಪು ಪಟ್ಟೆಗಳದ್ದು ಶುದ್ಧ ಸೆಟ್ಟಿಂಗ್ ಸಮಸ್ಯೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದರೆ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಹೆಚ್ಚಿ ತಗ್ಗುತ್ತದೆ. ನಿಮ್ಮ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50 ಅಥವಾ 1/100 ಇದ್ದರೆ ಪ್ರತಿ ಫ್ರೇಮಿಗೂ ಸಮ ಬೆಳಕು ಬೀಳುತ್ತದೆ. 1/60, 1/80 ಇಟ್ಟರೆ ತಾಳ ತಪ್ಪುತ್ತದೆ, ಆಗ ಪಟ್ಟೆ. ಮೆನುವಿನಲ್ಲಿ ವಿಡಿಯೋ ಸಿಸ್ಟಮ್ ಎನ್‌ಟಿಎಸ್‌ಸಿ ಇದ್ದರೆ ಪಾಲ್‌ಗೆ ಬದಲಿಸಿ, 25 ಫ್ರೇಮ್ ಆರಿಸಿ, ಶಟರ್ 1/50ಕ್ಕೆ ಕಟ್ಟಿಹಾಕಿ. ಮೆನುವಿನಲ್ಲಿ ಆಂಟಿ-ಫ್ಲಿಕರ್ ಅಂತ ಒಂದು ಇದೆ, ಅದು ಆನ್ ಇದ್ದರೆ ಸಾಕು ಅಂತ ತುಂಬ ಜನ ನಂಬಿದ್ದಾರೆ. ಅದು ಫೋಟೋಗೆ ಮಾತ್ರ, ವಿಡಿಯೋಗೆ ಏನೂ ಮಾಡುವುದಿಲ್ಲ.

ರಂಗಸ್ಥಳಕ್ಕೆ ಹಾಕುವ ಎಲ್‌ಇಡಿ ಪಾರ್ ಲೈಟುಗಳು ಇನ್ನೊಂದು ತಲೆನೋವು. ಅವುಗಳ ಬೆಳಕು ತಗ್ಗಿಸಿದಾಗ ಅವು ನಿಜಕ್ಕೂ ಮಂದವಾಗುವುದಿಲ್ಲ. ಭಾರೀ ವೇಗದಲ್ಲಿ ಆರಿ ಹತ್ತಿ ಕಣ್ಣಿಗೆ ಮಂದ ಅನಿಸುವ ಹಾಗೆ ಮಾಡುತ್ತವೆ. ಆ ವೇಗಕ್ಕೂ ಕರೆಂಟಿನ 50 ಹರ್ಟ್ಸ್‌ಗೂ ಸಂಬಂಧ ಇಲ್ಲ, ಹಾಗಾಗಿ 1/50 ಇಟ್ಟರೂ ಪಟ್ಟೆ ಬರಬಹುದು. ಲೈಟ್‌ನವರ ಹತ್ತಿರ ಹೋಗಿ ‘ಅಣ್ಣ, ಫುಲ್‌ನಲ್ಲಿ ಇಡಿ, ಬೇಕಾದರೆ ಒಂದೆರಡು ಲೈಟ್ ಆಫ್ ಮಾಡಿ’ ಅನ್ನಿ. ಮುಂಬೈಯ ಹಾಲ್‌ಗಳಲ್ಲಿ ಒಂದು ಕಟಿಂಗ್ ಚಹಾಕ್ಕೆ ಈ ಕೆಲಸ ಆಗುತ್ತದೆ.

ಹೊಸ ಕ್ಯಾಮೆರಾದಲ್ಲೂ ಈ ಪಟ್ಟೆ ಬರುತ್ತದೆ, ತಿಳಿದಿರಲಿ. ಕಾರಣ, ಬಹುತೇಕ ಎಲ್ಲ ಸೆನ್ಸರ್‌ಗಳೂ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತವೆ. ಲೋಕಲ್ ಟ್ರೈನಿನ ಕಿಟಕಿಯಿಂದ ವಿಡಿಯೋ ಮಾಡಿದರೆ ಹಳಿ ಪಕ್ಕದ ಕಂಬಗಳು ಓರೆಯಾಗಿ ಕಾಣುತ್ತವಲ್ಲ, ಅದೂ ಇದರಿಂದಲೇ. ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಕಂಬ ಜರುಗಿರುತ್ತದೆ. ವೇಷ ಧೀಂಗಿಣ ಹೊಡೆಯುವಾಗ ಕ್ಯಾಮೆರಾ ಅವರ ಹಿಂದೆ ಓಡಿಸಬೇಡಿ. ಅಗಲದ ಫ್ರೇಮ್ ಇಟ್ಟು ಸುಮ್ನೆ ನಿಂತುಬಿಡಿ, ಅವರೇ ಕುಣಿಯಲಿ.

ಚೆಂಡೆ ಒಡೆದದ್ದಕ್ಕೂ ಕ್ಯಾಮೆರಾಕ್ಕೂ ಇರುವ ಸಂಬಂಧ ಕಡಿಮೆ. ನೀವು ಬಹುಶಃ ಮಿಕ್ಸರ್‌ನಿಂದ ವೈರ್ ಎಳೆದು ನೇರ ಕ್ಯಾಮೆರಾದ ಮೈಕ್ ತೂತಿಗೆ ಚುಚ್ಚಿದ್ದೀರಿ. ಮಿಕ್ಸರ್ ಕೊಡುವುದು ಲೈನ್ ಲೆವೆಲ್ ಅನ್ನುವ ಜೋರು ಸಿಗ್ನಲ್, ಕ್ಯಾಮೆರಾ ಕಾಯುತ್ತಿರುವುದು ಮೈಕಿನ ಸಣ್ಣ ಸಿಗ್ನಲ್. ಚಮಚಕ್ಕೆ ಬಕೆಟ್ ನೀರು ಸುರಿದ ಹಾಗೆ. ಜೊತೆಗೆ ರೆಕಾರ್ಡಿಂಗ್ ಲೆವೆಲ್ ಆಟೋದಲ್ಲಿದ್ದರೆ, ಚೆಂಡೆ ನಿಂತಾಗ ಕ್ಯಾಮೆರಾ ವಾಲ್ಯೂಮ್ ಏರಿಸುತ್ತದೆ, ಮತ್ತೆ ಪೆಟ್ಟು ಬಿದ್ದಾಗ ಒಡೆಯುತ್ತದೆ. ಒಂದು ಸಣ್ಣ ಆಡಿಯೋ ರೆಕಾರ್ಡರ್ ತಗೊಳ್ಳಿ, ಲೈನ್ ಇನ್‌ಪುಟ್ ಇರುವಂಥದ್ದು. ಮಿಕ್ಸರ್‌ನ ವೈರ್ ಅದಕ್ಕೆ ಹೋಗಲಿ. ಚೆಂಡೆಯವರು ಜೋರಾಗಿ ಬಾರಿಸುವಾಗ ಮುಳ್ಳು ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿ ಇರುವ ಹಾಗೆ ಹೊಂದಿಸಿ. ಇಷ್ಟೇ ಸಾಲದು. ಸಣ್ಣ ಹಾಲ್‌ಗಳಲ್ಲಿ ಚೆಂಡೆಗೆ ಮೈಕೇ ಇಡುವುದಿಲ್ಲ, ಆದ್ದರಿಂದ ಮಿಕ್ಸರಿನಲ್ಲಿ ಭಾಗವತರ ದನಿ ಮಾತ್ರ ಬರುತ್ತದೆ. ಹಾಲ್‌ನ ಶಬ್ದಕ್ಕೆ ಕ್ಯಾಮೆರಾ ಮೇಲೊಂದು ಮೈಕ್ ಇರಲಿ. ಆಮೇಲೆ ಎರಡನ್ನೂ ಹದವಾಗಿ ಬೆರೆಸಿ. ಮೂರೂವರೆ ಲಕ್ಷದ ಮಾತು ಬಿಡಿ, ಮೊದಲು ಖರ್ಚು ಮಾಡಬೇಕಾದ್ದು ಇಲ್ಲಿ.

ಈಗ ಅಂಧೇರಿಯವರ ಮಾತು. ‘ಡಿಎಸ್‌ಎಲ್‌ಆರ್ ನಡೆಯಲ್ಲ’ ಅಂದದ್ದು ಸೊಕ್ಕಲ್ಲ. ಅವರಿಗೆ 4ಕೆ (ತುಂಬ ಹೆಚ್ಚು ವಿವರ ಹಿಡಿಯುವ ವಿಡಿಯೋ) ಬೇಕು, ನಿಮ್ಮದು 1080ಕ್ಕೆ ನಿಲ್ಲುತ್ತದೆ. ಅವರ ಬೇರೆ ಕ್ಯಾಮೆರಾಗಳ ಲಾಗ್ ಫೂಟೇಜ್ (ಆಮೇಲೆ ಬಣ್ಣ ತಿದ್ದಲೆಂದೇ ಮಂಕಾಗಿ ತೆಗೆದ ವಿಡಿಯೋ) ಜೊತೆ ನಿಮ್ಮ 8 ಬಿಟ್ ಬಣ್ಣವನ್ನು ಹೊಂದಿಸಲು ಬಣ್ಣ ತಿದ್ದುವ ಕಲರಿಸ್ಟ್ ಒದ್ದಾಡಬೇಕು. 2008ರಲ್ಲಿ ನಿಕಾನ್ ಡಿ90 ಮತ್ತು 5ಡಿ ಮಾರ್ಕ್ 2 ಬಂದಾಗ ಪರಿಸ್ಥಿತಿ ಬೇರೆ ಇತ್ತು. ಅಷ್ಟು ದೊಡ್ಡ ಸೆನ್ಸರ್, ಹಿಂದೆ ಮಸುಕಾದ ಹಿನ್ನೆಲೆ, ಆ ಬೆಲೆಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ. ಕ್ಯಾನನ್ 2018ರಲ್ಲಿ ಮಿರರ್‌ಲೆಸ್‌ಗೆಂದು ಆರ್‌ಎಫ್ ಮೌಂಟ್ (ಲೆನ್ಸ್ ಕೂರಿಸುವ ಜಾಗ) ತಂದ ಮೇಲೆ ಹೊಸ ಲೆನ್ಸುಗಳೆಲ್ಲ ಹೆಚ್ಚುಕಡಿಮೆ ಆ ಕಡೆಗೇ ಹೋದವು. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಹೊಸದಾಗಿ ಕೊಳ್ಳುವವರಿಗೆ ಡಿಎಸ್‌ಎಲ್‌ಆರ್ ಕಾಲ ಮುಗಿದಿದೆ. ಇರುವವರು ಅದನ್ನು ಎಸೆಯುವ ಕಾಲ ಬಂದಿಲ್ಲ.

ಆದರೆ ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಒಳ್ಳೆ ಕ್ಯಾಮೆರಾ ಇದ್ದರೆ ಅಂಧೇರಿಯ ಕೆಲಸ ಬರುತ್ತದೆ ಅನ್ನುವುದು. ಜಾಹೀರಾತು, ಸೀರಿಯಲ್, ವೆಬ್ ಸೀರೀಸ್ ಇವಕ್ಕೆ ಕ್ಯಾಮೆರಾ ಬರುವುದು ರೆಂಟಲ್‌ನಿಂದ, ಜೊತೆಗೆ ಒಬ್ಬ ಅಟೆಂಡೆಂಟ್. ಕ್ಯಾಮೆರಾಮನ್ ಬರಿಗೈಯಲ್ಲಿ ಬರುತ್ತಾನೆ. ಅವನಿಗೆ ದುಡ್ಡು ಕೊಡುವುದು ಬೆಳಕು ಇಡಲು ಬರುತ್ತದೆ ಅಂತ. ನಮ್ಮ ಮೈಸೂರಿನ ಕ್ಯಾಮೆರಾಮನ್ ವಿ.ಕೆ. ಮೂರ್ತಿಯವರು ಇದೇ ಊರಿನ ಸ್ಟುಡಿಯೋದಲ್ಲಿ ಗುರುದತ್ ಅವರ ಚಿತ್ರಕ್ಕೆ ಕನ್ನಡಿ ಹಿಡಿಸಿ ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿದ್ದರು. ಆ ಬೆಳಕಿನ ಕೋಲನ್ನು ಜನ ಈಗಲೂ ನೆನೆಯುತ್ತಾರೆ, ಯಾವ ಕ್ಯಾಮೆರಾ ಅಂತ ಯಾರೂ ಕೇಳುವುದಿಲ್ಲ. ನೀವು ಆ ಕಡೆ ಹೋಗಬೇಕು ಅಂತಿದ್ದರೆ ಒಬ್ಬ ಒಳ್ಳೆ ಡಿಒಪಿ (ಮುಖ್ಯ ಕ್ಯಾಮೆರಾಮನ್) ಹತ್ತಿರ ಅಸಿಸ್ಟೆಂಟ್ ಆಗಿ ಸೇರುವುದು ದಾರಿ. ಸ್ವಂತ ಕ್ಯಾಮೆರಾ ಕೆಲಸ ತರುವುದು ಮದುವೆ, ಕಾರ್ಪೊರೇಟ್ ಇಂಟರ್‌ವ್ಯೂ, ಸಂಘದ ಕಾರ್ಯಕ್ರಮ, ಯೂಟ್ಯೂಬ್ ಚಾನೆಲ್‌ಗಳಲ್ಲಿ.

ಆ ಕೆಲಸಗಳಿಗೂ ಸಾಲ ಬೇಕಾ? ಲೆಕ್ಕ ಹಾಕೋಣ. ನಿಮಗೆ ಬೇಕಾದ ಮಿರರ್‌ಲೆಸ್ ಬಾಡಿ, ಲೆನ್ಸ್ ಸೇರಿ ದಿನಕ್ಕೆ 3,000 ರೂಪಾಯಿ ಬಾಡಿಗೆ ಅಂತ ಇಟ್ಟುಕೊಳ್ಳಿ, ನಿಜವಾದ ರೇಟ್ ನಿಮ್ಮ ರೆಂಟಲ್‌ನವರ ಹತ್ತಿರ ಕೇಳಿ. 16,800 ಇಎಂಐ ಅಂದರೆ ಐದೂವರೆ ದಿನದ ಬಾಡಿಗೆ. ತಿಂಗಳಿಗೆ ಆರು ದಿನ ಆ ಕ್ಯಾಮೆರಾ ಕೇಳುವ ಕೆಲಸ ಇದ್ದರೆ ಮಾತ್ರ ಸಾಲ ಲಾಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ನಡುವೆ ಆಷಾಢ, ಮದುವೆ ಕಡಿಮೆ. ಇಎಂಐಗೆ ಆಷಾಢ ಗೊತ್ತಿಲ್ಲ. ಇದರ ಮೇಲೆ ಬ್ಯಾಟರಿ, ಕಾರ್ಡು, ಹಾರ್ಡ್ ಡಿಸ್ಕು. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಅಂದರೆ ಗಂಟೆಗೆ 45 ಜಿಬಿ. ಮೂರು ಗಂಟೆಯ ಆಟ 135 ಜಿಬಿ, ಎರಡು ಕಾಪಿ ಇಟ್ಟರೆ 270. ನಿಮ್ಮ ಈಗಿನ ಲ್ಯಾಪ್‌ಟಾಪ್ ಅದನ್ನು ಎಳೆಯುತ್ತದಾ ನೋಡಿ, ಇಲ್ಲದಿದ್ದರೆ ಅದಕ್ಕೊಂದು ಸಾಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದು ವರ್ಷ ಬಾಡಿಗೆಗೆ ತರುತ್ತೇನೆ. ಬಾಡಿಗೆಗೂ ಅದರದ್ದೇ ಕಾಟ ಇದೆ. ಒಮ್ಮೆ ನಾನು ತಂದ ಲೆನ್ಸಿನ ಮೇಲೆ ವಾಪಸ್ ಕೊಡುವಾಗ ಒಂದು ಗೀರು ಕಂಡಿತು. ನನ್ನದಲ್ಲ ಅಂತ ಎಷ್ಟು ಹೇಳಿದರೂ ಡಿಪಾಸಿಟ್‌ನಲ್ಲಿ ಮುರಿದುಕೊಂಡರು. ಅವತ್ತಿನಿಂದ ಅಂಗಡಿಯಲ್ಲೇ, ಅವರ ಎದುರಿಗೇ, ಲೆನ್ಸಿನ ಎರಡೂ ಬದಿ, ಸೆನ್ಸರ್, ಎಚ್‌ಡಿಎಂಐ ತೂತು ಎಲ್ಲ ಫೋನಿನಲ್ಲಿ ವಿಡಿಯೋ ಮಾಡಿಕೊಂಡೇ ತರುತ್ತೇನೆ. ಇನ್ನೊಂದು ರಿಸ್ಕ್, ಮದುವೆ ಸೀಸನ್‌ನಲ್ಲಿ ಒಳ್ಳೆ ಮುಹೂರ್ತದ ದಿನ ಕ್ಯಾಮೆರಾ ಸಿಗುವುದೇ ಇಲ್ಲ. ಮೊದಲೇ ಹೇಳಿಡಿ.

ಸೆಕೆಂಡ್ ಹ್ಯಾಂಡ್ ಕೂಡ ಒಂದು ದಾರಿ. ಬಿಲ್ ಇಲ್ಲದ್ದನ್ನು ಮುಟ್ಟಬೇಡಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯ ಹಾಗೆ ಕಂಡರೆ ಫಂಗಸ್. ಮುಂಬೈಯ ಮಳೆಗಾಲದಲ್ಲಿ ಕಪಾಟಿನಲ್ಲಿ ಬಿಟ್ಟ ಲೆನ್ಸಿಗೆ ಇದು ಬಂದೇ ಬರುತ್ತದೆ. ನಿಮ್ಮ 50 ಎಂಎಂಗೂ ಬರಬಹುದು. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್, 40ರಿಂದ 50 ಶೇಕಡಾ ಇದ್ದರೆ ಸಾಕು. ಕ್ಯಾನನ್‌ನ ಮಿರರ್‌ಲೆಸ್‌ಗೇ ಹೋದರೆ ಆ 50 ಎಂಎಂ ಅಡಾಪ್ಟರ್ ಹಾಕಿ ನಡೆಯುತ್ತದೆ, ಅದನ್ನು ಮಾರಬೇಡಿ.

ಬಾಡಿಗೆಯಿಂದ ಇನ್ನೊಂದು ಲಾಭ ಇದೆ. ನೀವು ಈಗ ‘ಕ್ಯಾಮೆರಾ ಸಮೇತ ದಿನಕ್ಕೆ ಇಷ್ಟು’ ಅಂತ ಒಂದೇ ಅಂಕಿ ಹೇಳುತ್ತೀರಿ. ಆಗ ನಿಮ್ಮ ಕ್ಯಾಮೆರಾ ಪುಕ್ಕಟೆ ದುಡಿಯುತ್ತದೆ, ಅದು ಸವೆದದ್ದಕ್ಕೆ ಯಾರೂ ಕೊಡುವುದಿಲ್ಲ. ಬಿಲ್ಲಿನಲ್ಲಿ ಎರಡು ಸಾಲು ಮಾಡಿ. ನನ್ನ ದಿನದ ಕೂಲಿ ಇಷ್ಟು, ಕ್ಯಾಮೆರಾ ಬಾಡಿಗೆ ಇಷ್ಟು. ಸ್ವಂತ 80ಡಿ ತಂದ ದಿನವೂ ಹೀಗೇ ಬರೆಯಿರಿ. ಅವರು 4ಕೆ ಕೇಳಿದರೆ ಎರಡನೇ ಸಾಲಿನ ಅಂಕಿ ಮಾತ್ರ ಬದಲಾಗುತ್ತದೆ. ಆ ಎರಡನೇ ಸಾಲಿನಲ್ಲಿ ಒಂದು ವರ್ಷದಲ್ಲಿ ಎಷ್ಟು ಸೇರಿತು ಅಂತ ಕೂಡಿಸಿ ನೋಡಿದರೆ ಕ್ಯಾಮೆರಾ ಕೊಳ್ಳಬೇಕಾ ಬೇಡವಾ ಅನ್ನುವುದಕ್ಕೆ ನನ್ನನ್ನು ಕೇಳುವ ಅಗತ್ಯ ಇರುವುದಿಲ್ಲ.

ಬಾಕಿ 62,000. ಈ ಊರಿನಲ್ಲಿ ‘90 ದಿನ’ ಅನ್ನುವುದು ಒಂದು ರೂಢಿ, ಕಾನೂನಲ್ಲ. ಇವತ್ತು ರಾತ್ರಿ ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ನಿಮ್ಮ ಪ್ಯಾನ್ ಮೇಲೆ ಟಿಡಿಎಸ್ (ಬಿಲ್ಲಿನಲ್ಲಿ ಮೊದಲೇ ಮುರಿದು ಕಟ್ಟುವ ತೆರಿಗೆ) ಏನೇನು ಬಿದ್ದಿದೆ ನೋಡಿ, ನಾವೆಲ್ಲ 26ಎಎಸ್ ಅಂತ ಕರೆಯುವ ಪಟ್ಟಿ. ಆ ಕಂಪನಿ ನಿಮ್ಮ ಬಿಲ್ಲಿನ ಮೇಲೆ ಟಿಡಿಎಸ್ ಕಟ್ಟಿದ್ದರೆ, ನಿಮ್ಮ ಕೆಲಸವನ್ನೂ ಮೊತ್ತವನ್ನೂ ಅವರ ಲೆಕ್ಕಪುಸ್ತಕದಲ್ಲಿ ಬರೆದುಕೊಂಡಿದ್ದಾರೆ ಅಂತ ಅರ್ಥ. ಅದರ ಪ್ರಿಂಟ್ ಸೇರಿಸಿ ಅಕೌಂಟ್ಸ್ ವಿಭಾಗಕ್ಕೆ ಒಂದು ಮೇಲ್ ಹಾಕಿ, ಪ್ರೊಡ್ಯೂಸರಿಗೆ ಕಾಪಿ ಇರಲಿ. ನನಗೆ ಇದು ಎರಡು ಸಲ ಕೆಲಸ ಮಾಡಿದೆ, ಒಂದು ಸಲ ಮಾಡಿಲ್ಲ.

ಮುಂದಿನ ಕೆಲಸಗಳಿಗೆ ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮ ಅಂತ ಸರ್ಕಾರದ ನೋಂದಣಿ) ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಪುಕ್ಕಟೆ, ಆಧಾರ್, ಪ್ಯಾನ್ ಸಾಕು. ಏಜೆಂಟರಿಗೆ ದುಡ್ಡು ಕೊಡಬೇಡಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರಿಗೆ ಸರ್ಕಾರಿ ಪೋರ್ಟಲ್ ಇದೆ. ಆದರೆ ಕೆಲಸ ಮಾಡಿದ ಮೇಲೆ ರಿಜಿಸ್ಟರ್ ಆದರೆ ಹಳೇ ಬಾಕಿಗೆ ಈ ಬಲ ಸಿಗುವುದು ಖಾತ್ರಿ ಇಲ್ಲ, ಹಾಗಾಗಿ ಈ 62,000ಕ್ಕೆ ಅದನ್ನು ನಂಬಬೇಡಿ. ದೂರು ಕೊಟ್ಟ ಮೇಲೆ ಆ ಕಂಪನಿ ಮತ್ತೆ ಕರೆಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಐದು ತಿಂಗಳು ಕಾಯಿಸಿದವರು ಕರೆಯದಿದ್ದರೆ ನಷ್ಟ ಏನು ಅಂತ ನಾನು ಕೇಳುತ್ತೇನೆ, ಆದರೆ ನನ್ನ ವಯಸ್ಸಿಗೆ ಹಾಗೆ ಕೇಳುವುದು ಸುಲಭ.

ರಾ ಫೂಟೇಜ್ ವಿಷಯದಲ್ಲಿ ನಿಮಗೆ ಇಷ್ಟವಾಗದ ಮಾತು ಹೇಳಬೇಕು. ‘ಶೂಟ್ ಮಾಡಿದ್ದು ನಾನು, ಹಾಗಾಗಿ ಫೂಟೇಜ್ ನನ್ನದು’ ಅಂತ ನಮ್ಮ ಕಸುಬಿನ ಎಲ್ಲರೂ ಹೇಳುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಬೇರೆ ಹೇಳುತ್ತದೆ. ಒಬ್ಬರು ದುಡ್ಡು ಕೊಟ್ಟು ತಮಗಾಗಿ ಫಿಲ್ಮ್ ಮಾಡಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕರು ಮಾಡಿಸಿದವರೇ. ನಿಮ್ಮ ಹತ್ತಿರ ಬರೆದ ಒಪ್ಪಂದ ಇಲ್ಲ, ಅಲ್ವಾ? ಹಾಗಾದರೆ ‘ಕೊಡುವುದೇ ಇಲ್ಲ’ ಅಂತ ಹಟ ಹಿಡಿಯಬೇಡಿ. ‘ಬಾಕಿ ಬಂದ ದಿನ ಹಾರ್ಡ್ ಡಿಸ್ಕ್ ತಗೊಂಡು ಬರುತ್ತೇನೆ’ ಅಂತ ಮೇಲ್‌ನಲ್ಲಿ ಬರೆಯಿರಿ. ಅಲ್ಲಿಯವರೆಗೆ ಮಧ್ಯೆ ನಿಮ್ಮ ಹೆಸರು ಹಾಕಿದ ಸಣ್ಣ ಸೈಜಿನ ಕಾಪಿ ಕಳಿಸಿ. ಫೂಟೇಜ್ ಅಳಿಸುವುದಂತೂ ಬೇಡವೇ ಬೇಡ, ಆಮೇಲೆ ತಪ್ಪು ನಿಮ್ಮದಾಗುತ್ತದೆ. ಮುಂದೆ ಅರ್ಧ ಅಡ್ವಾನ್ಸ್, ರಾ ಬೇಕಾದರೆ ಬೇರೆ ರೇಟು, ಇಷ್ಟನ್ನು ವಾಟ್ಸಾಪ್‌ನಲ್ಲಾದರೂ ಬರೆದು ‘ಓಕೆ’ ಅನ್ನಿಸಿಕೊಳ್ಳಿ. ವಿಷಯ ಕೋರ್ಟಿನ ಕಡೆ ತಿರುಗಿದರೆ ವಕೀಲರ ಹತ್ತಿರ ಹೋಗಿ, ನಾನು ಕ್ಯಾಮೆರಾದವನು.

ಅಮ್ಮನ ಮಾತಿಗೆ ಸಿಟ್ಟು ಮಾಡಿಕೊಳ್ಳಬೇಡಿ. ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ದಿನ ದುಡಿದಿರಿ, ಎಷ್ಟು ಕೈಗೆ ಬಂತು ಅಂತ ಒಂದು ಹಾಳೆಯಲ್ಲಿ ಬರೆದು ಅವರ ಮುಂದೆ ಇಡಿ. ಮಳೆಗಾಲದ ನಾಲ್ಕು ತಿಂಗಳಿಗೆ ಅರೆಕಾಲಿಕ ಎಡಿಟಿಂಗ್ ಕೆಲಸ ಹಿಡಿದವರು ನನ್ನ ಬಳಗದಲ್ಲೇ ಮೂರು ಜನ ಇದ್ದಾರೆ, ಯಾರೂ ಚಿಕ್ಕವರಾಗಿಲ್ಲ.

ಮುಂದಿನ ಆಟಕ್ಕೆ ಸಂಘದವರ ಹತ್ತಿರ ಒಂದೇ ಒಂದು ಉಪಕಾರ ಕೇಳಿ. ಚೌಕಿಯಲ್ಲಿ ಬಣ್ಣ ಹಚ್ಚುತ್ತಿರುವಾಗ ರಂಗಸ್ಥಳದ ಲೈಟನ್ನು ಕಾಲು ಗಂಟೆ ಪೂರ್ತಿ ಹಾಕಿಸಲಿ. ಯಾರಾದರೂ ಒಬ್ಬರನ್ನು ಕೆಂಪು ಶಾಲು ಹೊದಿಸಿ ನಿಲ್ಲಿಸಿ. ಶಟರ್ ನೋಡಿ, ಪಟ್ಟೆ ನೋಡಿ, ಕೆಂಪು ನೋಡಿ, ಚೆಂಡೆಯವರ ಹತ್ತಿರ ನಾಲ್ಕು ಪೆಟ್ಟು ಹೊಡೆಸಿ. ಆಮೇಲೆ ಕರ್ಣ ಬರುವ ಹೊತ್ತಿಗೆ ಸ್ಕ್ರೀನಿನ ಮೂಲೆಯ ಕೆಂಪು ಚುಕ್ಕೆ ಉರಿಯುತ್ತಿದೆಯಾ ಅಂತ ಒಮ್ಮೆ ಬಗ್ಗಿ ನೋಡಿಕೊಳ್ಳಿ.